ಸ್ಲೈಡಕ್ಕನ ಕೈತಪ್ಪು

ಆಸ್ಪತ್ರೆಯ ಕೆಳಮಹಡಿಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಸ್ಲೈಡಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವಳೂ ಉಳಿದವರಂತೆ ಯಾರಪ್ಪಾ ಅದು ಎಂದು ಬಾಗಿಲ ಕಡೆ ನೋಡುತ್ತಿದ್ದಳು. ಮೂವತ್ತೊಂದು ವರ್ಷ ಅವಳು ಮಾಡಿದ್ದು ಹೆಚ್ಚುಕಡಿಮೆ ಒಂದೇ ಕೆಲಸ. ಗಾಜಿನ ಪಟ್ಟಿಯ ಒಂದು ತುದಿಗೆ ಒಂದು ಹನಿ ರಕ್ತ ಇಡುವುದು, ಇನ್ನೊಂದು ಗಾಜನ್ನು ಓರೆಯಾಗಿ ಹಿಡಿದು ಹನಿಗೆ ತಾಗಿಸುವುದು, ರಕ್ತ ಅಂಚಿನುದ್ದಕ್ಕೂ ಹರಡಿದ ಕೂಡಲೇ ಒಂದೇ ಸಮನೆ ಮುಂದಕ್ಕೆ ತಳ್ಳುವುದು. ಕೇಳಲು ಇಷ್ಟೇ. ಆದರೆ ಕೈ ಒಂಚೂರು ತಡವರಿಸಿದರೆ ಗೆರೆ ಬೀಳುತ್ತದೆ, ಒತ್ತಿದರೆ ಕಣ ಒಡೆಯುತ್ತದೆ, ಅವಸರ ಮಾಡಿದರೆ ದಪ್ಪಗಾಗುತ್ತದೆ. ಸರಿಯಾಗಿ ಬಂದ ಸ್ಲೈಡಿನಲ್ಲಿ ರಕ್ತ ನಾಲಗೆಯ ಆಕಾರದಲ್ಲಿ ತೆಳ್ಳಗಾಗುತ್ತಾ ಹೋಗಿ, ಇಲ್ಲಿಗೆ ಮುಗಿಯಿತು ಎಂದು ತೋರಿಸಲಾಗದ ಹಾಗೆ ಮುಗಿಯಬೇಕು.

ಬೇರೆಯವರ ಸ್ಲೈಡು ನೋಡಿದರೆ ಅವಳ ಮೂಗು ತಾನಾಗಿ ಮುರಿಯುತ್ತಿತ್ತು. ಏನಿದು, ಗೋಡೆಗೆ ಗಾರೆ ಮೆತ್ತಿದ್ದೀರಾ ಎಂದು ಕೇಳುತ್ತಿದ್ದಳು. ರಕ್ತ ಎಣಿಸುವ ಯಂತ್ರ ಬಂದ ವರ್ಷ, ಇನ್ನು ಇವಳ ದರ್ಬಾರು ಮುಗಿಯಿತು ಎಂದು ಕೆಲವರು ಒಳಗೊಳಗೇ ಖುಷಿಪಟ್ಟರು. ಯಂತ್ರ ಎಣಿಸಿತು, ನಿಜ. ಆದರೆ ಅನುಮಾನ ಬಂದ ಕಡೆ ಒಂದು ಚುಕ್ಕೆ ಒತ್ತಿ ಕೈಯೆತ್ತಿಬಿಡುತ್ತಿತ್ತು. ಚುಕ್ಕೆ ಬಿದ್ದ ರಕ್ತವನ್ನೆಲ್ಲ ಮತ್ತೆ ಗಾಜಿನ ಮೇಲೆ ಎಳೆದು ಕಣ್ಣಲ್ಲೇ ನೋಡಬೇಕು. ಹಾಗಾಗಿ ಮೈಕ್ರೋಸ್ಕೋಪಿನ ಮುಂದೆ ಕೂರುವ ಕನ್ನಡಕದ ಡಾಕ್ಟರು ಮೊದಲಿಗಿಂತ ಹೆಚ್ಚಾಗಿಯೇ ಅವಳನ್ನು ಹುಡುಕುವಂತಾಯಿತು. ಸ್ಲೈಡಕ್ಕ ನೋಡಿದ್ದಾಳೆ ಎಂದರೆ ಆ ಮನುಷ್ಯ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದರು.

ಮದುವೆ ಆಗಿರಲಿಲ್ಲ. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದಾಗ ಅವಳಿಗೆ ಇಪ್ಪತ್ತೆರಡು, ತಮ್ಮನಿಗೆ ಹನ್ನೆರಡು. ಅವನ ಜ್ವರ, ಅವನ ಪರೀಕ್ಷೆ, ಅವನು ಶಾಲೆಯ ಕಿಟಕಿ ಒಡೆದದ್ದು, ಎಲ್ಲವೂ ಅವಳ ತಲೆಗೇ ಬಂತು. ಮನೆಗೆ ಬಂದ ಸಂಬಂಧಗಳಿಗೆಲ್ಲ ಇವನು ಒಂದು ದಡ ಸೇರಲಿ ಆಮೇಲೆ ನೋಡೋಣ ಎಂದಳು. ಅವನು ದಡ ಸೇರುವ ಹೊತ್ತಿಗೆ ಕೇಳುವವರು ಕೇಳುವುದನ್ನೇ ಬಿಟ್ಟಿದ್ದರು. ಅವಳೇನೂ ಅದಕ್ಕೆ ಕಣ್ಣೀರು ಹಾಕಿದವಳಲ್ಲ. ತಮ್ಮ ಬಂದರಿನಲ್ಲಿ ಕ್ರೇನು ನಡೆಸುವ ಕೆಲಸಕ್ಕೆ ಸೇರಿದ. ಆರಡಿ ಆಳು, ತುಟಿ ಮುಚ್ಚುವ ಮೀಸೆ, ನಡೆದರೆ ನೆಲ ಅದುರುತ್ತಿತ್ತು. ನಲವತ್ತು ದಾಟಿದ ಆ ಮೀಸೆಯವನನ್ನು ಅವಳು ಎಲ್ಲರೆದುರೇ ಮರಿ ಎಂದು ಕರೆಯುತ್ತಿದ್ದಳು, ಅವನೂ ಯಾವ ನಾಚಿಕೆಯೂ ಇಲ್ಲದೆ ಓಗೊಡುತ್ತಿದ್ದ. ಅವನ ಹೆಂಡತಿ ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಅವರಿಗೆ ಮಕ್ಕಳಾಗಲಿಲ್ಲ. ಎರಡು ಬೀದಿ ಅಂತರದಲ್ಲಿ ಎರಡು ಮನೆ, ಮೂರೇ ಜನ. ಭಾನುವಾರ ಮೂವರೂ ಒಂದೇ ಕಡೆ ಊಟ ಮಾಡುತ್ತಿದ್ದರು.

ಅವಳಿಗೆ ಐವತ್ತಮೂರಾದ ವರ್ಷ ಬಲಭುಜ ಹಿಡಿದುಕೊಂಡಿತು. ತಲೆ ಬಾಚಲು ಎಡಗೈ ಬೇಕಾಯಿತು, ರವಿಕೆಯ ಹುಕ್ಕು ಹಾಕುವಷ್ಟರಲ್ಲಿ ಜೀವ ಹೋಗಿ ಬರುತ್ತಿತ್ತು. ಲ್ಯಾಬಿನಲ್ಲಿ ಅವಳು ಇದನ್ನು ಯಾರ ಕಿವಿಗೂ ಹಾಕಲಿಲ್ಲ. ಕೈ ಬಿದ್ದುಹೋದವರನ್ನು ಅಲ್ಲಿ ಮುಂದಿನ ಕಿಟಕಿಯಲ್ಲಿ ಕೂರಿಸಿ ಚೀಟಿ ತೆಗೆದುಕೊಳ್ಳಲು ಹಚ್ಚುತ್ತಿದ್ದರು. ಚೀಟಿ ಕಿಟಕಿಯಲ್ಲಿ ಕೂರುವುದಕ್ಕಿಂತ ಸಾಯುವುದು ಮೇಲು ಎಂದು ಅವಳು ಹಿಂದೆ ಬಾಯ್ತುಂಬ ಹೇಳಿಕೊಂಡು ತಿರುಗಿದವಳು.

ಆ ವರ್ಷವೇ ಒಂದು ಬೆಳಿಗ್ಗೆ ತಮ್ಮ ಬಂದ. ಕ್ರೇನು ನಡೆಸುವವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯ ಚೀಟಿ ಬೇಕು. ಅವಳ ಸ್ಟೂಲಿನ ಮೇಲೆ ಕೂತು, ಕಡಿಮೆ ತೆಗಿಯೇ, ನನಗೂ ಸ್ವಲ್ಪ ಇರಲಿ ಎಂದು ಪ್ರತಿವರ್ಷದ ಹಳಸಲು ಜೋಕನ್ನೇ ಹೊಡೆದ. ಅವಳೇ ಸೂಜಿ ಹಾಕಿದಳು. ಯಂತ್ರಕ್ಕೆ ಕೊಟ್ಟಳು. ಬಿಳಿ ರಕ್ತಕಣ ಹದಿನಾಲ್ಕು ಸಾವಿರ ಎಂದು ಬಂತು, ಮುಂದೆ ಒಂದು ಚುಕ್ಕೆ. ಹನ್ನೊಂದು ಸಾವಿರದವರೆಗೆ ಸರಿ, ಇದು ಅದಕ್ಕಿಂತ ಮೇಲೆ. ನೆಗಡಿ ಇದ್ದರೂ ಅಷ್ಟು ಏರುತ್ತದೆ. ಅವಳು ಸ್ಲೈಡು ಎಳೆದು, ಬಣ್ಣ ಹಾಕಿ, ಒಣಗಿಸಿ, ನೋಡಿದಳು.

ಬಿಳಿಕಣಗಳ ನಡುನಡುವೆ ಕಲೆಗಳು. ಕಣ ಇರಬೇಕಾದ ಕಡೆ ಯಾರೋ ಹೆಬ್ಬೆರಳಲ್ಲಿ ಒರೆಸಿದ ಹಾಗೆ ನೇರಳೆ ಕಲೆ. ಲ್ಯಾಬಿನವರು ಅವನ್ನು ಸ್ಮಡ್ಜು ಎನ್ನುತ್ತಾರೆ. ಗಾಜಿನ ಒತ್ತಡ ತಾಳದೆ ಒಡೆದ ಕಣಗಳು ಅವು. ಇನ್ನೊಂದು ಎಳೆದಳು, ಹಾಗೇ ಇತ್ತು. ಮೂರನೆಯದನ್ನು ಭುಜ ಹಿಡಿದು, ಹಲ್ಲು ಕಚ್ಚಿ, ಹಗುರಾಗಿ ಎಳೆದಳು. ನಾಲ್ಕನೆಯದೂ ಅದೇ. ಇಂಥ ಕಲೆ ಎರಡು ಕಾರಣಕ್ಕೆ ಬರುತ್ತದೆ. ಎಳೆದವರ ಕೈ ಕೆಟ್ಟಿರಬೇಕು, ಇಲ್ಲವೇ ಕಣಗಳೇ ಕೆಟ್ಟಿರಬೇಕು. ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಬಿಳಿಕಣಗಳು ಎಷ್ಟು ನಾಜೂಕಾಗುತ್ತವೆಂದರೆ, ಎಂಥ ಒಳ್ಳೆಯ ಕೈಯಲ್ಲೂ ಗಾಜಿನ ಮೇಲೆ ಒಡೆದುಹೋಗುತ್ತವೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಇದನ್ನು ಹೇಳಿಕೊಡುತ್ತಿದ್ದವಳು ಅವಳೇ.

ಹಾಗಾದರೆ ಅವಳಿಗೆ ಗೊತ್ತಾಗಲಿಲ್ಲವೇ? ಇದನ್ನು ಕೊನೆಯವರೆಗೆ ಮುಚ್ಚಿಟ್ಟು ಆಟ ಆಡಿಸುವುದು ಬೇಡ. ಗೊತ್ತಾಯಿತು. ಎರಡನೆಯ ಸ್ಲೈಡು ನೋಡುವಾಗಲೇ ಗೊತ್ತಾಯಿತು. ಬೇರೆ ಯಾರದೇ ರಕ್ತವಾಗಿದ್ದರೂ ಅವಳು ಆಗಲೇ ಎದ್ದು ಹೋಗಿ ಕನ್ನಡಕದ ಡಾಕ್ಟರನ್ನು ಕರೆದು ತರುತ್ತಿದ್ದಳು. ಇದು ಮರಿಯ ರಕ್ತ. ತನ್ನ ಕೈ ಕೆಟ್ಟಿದೆ ಎಂಬುದನ್ನು ಮೂರು ತಿಂಗಳಿಂದ ಇಡೀ ಲೋಕದಿಂದ ಬಚ್ಚಿಟ್ಟವಳು, ಆ ಹೊತ್ತಿನಲ್ಲಿ ಕೈ ಕೆಟ್ಟಿದೆ ಎಂಬುದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ನಾಲ್ಕೂ ಸ್ಲೈಡುಗಳನ್ನು ಒಡೆದ ಗಾಜಿನ ಡಬ್ಬಕ್ಕೆ ಹಾಕಿದಳು. ವರದಿಯಲ್ಲಿ, ಶೀತದಿಂದ ಬಿಳಿಕಣ ಸ್ವಲ್ಪ ಹೆಚ್ಚು ಎಂದು ಬರೆದಳು. ಸಂಜೆ ಎಲ್ಲ ತಪಾಸಣೆ ವರದಿಗಳ ಜೊತೆ ಅದಕ್ಕೂ ಸಹಿ ಬಿತ್ತು.

ತಮ್ಮನಿಗೆ ಮಾತ್ರ, ಕೈ ಯಾಕೋ ಸರಿ ಇಲ್ಲ, ಬರುವ ತಿಂಗಳು ಇನ್ನೊಮ್ಮೆ ಬಾ ಎಂದಿದ್ದಳು.

"ನಿನ್ನ ಕೈ ಸರಿ ಇಲ್ಲ ಅಂದ್ರೆ ಇನ್ಯಾರ ಕೈ ಸರಿ ಇರುತ್ತೆ ಬಿಡೇ" ಎಂದು ಅವನು ಚೀಟಿ ಜೇಬಿಗಿಟ್ಟುಕೊಂಡು ಹೊರಟ.

ಬರುವ ತಿಂಗಳು ಅವನು ಬರಲಿಲ್ಲ. ಅವಳೂ ಕರೆಯಲಿಲ್ಲ. ಭಾನುವಾರ ಊಟಕ್ಕೆ ಕೂತಾಗಲೆಲ್ಲ ಹೇಳಬೇಕು ಎಂದು ಬಾಯಿಯವರೆಗೆ ಬರುತ್ತಿತ್ತು, ಅವನು ಇನ್ನೊಂದು ಸಲ ಬಡಿಸು ಎಂದು ತಟ್ಟೆ ಮುಂದೆ ಹಿಡಿಯುತ್ತಿದ್ದ. ಇಷ್ಟು ತಿನ್ನುವವನಿಗೆ ಏನಾಗಿರುತ್ತದೆ ಎಂದುಕೊಳ್ಳುತ್ತಿದ್ದಳು. ವ್ಯಾಯಾಮ ಮಾಡಿ ಮಾಡಿ ಆರು ತಿಂಗಳಲ್ಲಿ ಭುಜ ವಾಸಿಯಾಯಿತು. ಅವಳ ಸ್ಲೈಡುಗಳು ಮೊದಲಿನಂತೆಯೇ ಬರುತ್ತಿದ್ದವು, ನಿಜ ಹೇಳಬೇಕೆಂದರೆ ನೋವಿದ್ದಾಗಲೂ ಹಾಗೆಯೇ ಬಂದಿದ್ದವು. ಆ ಒಂದು ದಿನ, ಆ ಒಬ್ಬನದು ಬಿಟ್ಟು.

ಈ ನಡುವೆ ಅವನ ಕಿವಿಯ ಕೆಳಗೆ ಒಂದು ಗಂಟು ಎದ್ದಿತ್ತು. ಮೊದಲು ಕಂಡವಳು ಅವನ ಹೆಂಡತಿ. ಆಸ್ಪತ್ರೆಗೆ ತೋರಿಸೋಣ ಎಂದಳು. ನೋಯುತ್ತಿಲ್ಲ ಬಿಡು ಎಂದ. ಅವಳು ಬಿಡದೆ ಗಂಟುಬಿದ್ದಾಗ, ಅಕ್ಕ ಮೊನ್ನೆ ತಾನೇ ರಕ್ತ ನೋಡಿದ್ದಾಳೆ, ಅಕ್ಕನ ಕೈಯಲ್ಲಿ ತಪ್ಪಿದ್ದು ಬೇರೆ ಯಾರಿಗೆ ಸಿಗುತ್ತದೆ, ಇನ್ನೊಂದು ಕಡೆ ಹೋಗಿ ತೋರಿಸಿದರೆ ಅವಳಿಗೆ ಅವಮಾನ ಎಂದು ಬಾಯಿ ಮುಚ್ಚಿಸಿದ. ಆ ವಿಷಯಕ್ಕೆ ಗಂಡ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದರು. ಅವನು ಕಾಲರು ಮೇಲೆತ್ತಿಕೊಂಡು ಭಾನುವಾರದ ಊಟಕ್ಕೆ ಬರತೊಡಗಿದ. ಅಕ್ಕನ ಕಣ್ಣಿಗೆ ಬಿದ್ದರೆ ಸುಮ್ಮನೆ ಗಾಬರಿಯಾಗುತ್ತಾಳೆ ಎಂದು ಅವನ ಲೆಕ್ಕಾಚಾರ. ಹೀಗೆ ಅಕ್ಕ ತನ್ನ ಕೈಯನ್ನು ನಂಬದೆ, ತಮ್ಮ ಆ ಕೈಯನ್ನೇ ನಂಬಿ, ಒಂದು ವರ್ಷ ಕಳೆಯಿತು.

ಮರುವರ್ಷದ ತಪಾಸಣೆಗೆ ಅವನು ಬಂದಾಗ ಮಧ್ಯಾಹ್ನದ ಪಾಳಿಯವಳು ರಕ್ತ ತೆಗೆದಳು. ಬಿಳಿಕಣ ತೊಂಬತ್ತೆರಡು ಸಾವಿರ. ಹಿಮೋಗ್ಲೋಬಿನ್ನು ನೆಲಕಚ್ಚಿತ್ತು. ಕನ್ನಡಕದ ಡಾಕ್ಟರು ಸ್ಲೈಡಕ್ಕನನ್ನು ಕರೆಸಿ ಮೈಕ್ರೋಸ್ಕೋಪಿನ ಮುಂದಿನಿಂದ ತಾವೇ ಎದ್ದು ಅವಳಿಗೆ ಕೂರಲು ಹೇಳಿದರು. ನೋಡಲು ಏನಿದೆ, ಗಾಜಿನ ತುಂಬ ಅದೇ ಕಲೆಗಳು. ಎಳೆದವಳ ಕೈ ಏನೂ ಕೆಟ್ಟಿಲ್ಲ ಎಂದು ಅವರು ಮೆತ್ತಗೆ ಹೇಳಿದರು. ಅವಳಿಗೆ ಆಗಲೇ ಹೇಳಿಬಿಡಬಹುದಿತ್ತು, ಹೋದ ವರ್ಷ ನಾನು ಇದನ್ನು ನೋಡಿದ್ದೆ ಎಂದು. ತಲೆ ಆಡಿಸಿ ಎದ್ದು ಬಂದಳು. ಅಂದಿನಿಂದ ಅವಳಿಗೆ ಎರಡು ದುಃಖ. ಒಂದನ್ನು ಎಲ್ಲರೆದುರು ಅಳಬಹುದಿತ್ತು.

ರಕ್ತರೋಗದ ಡಾಕ್ಟರು ಮೂರನೆಯ ಮಹಡಿಯಲ್ಲಿ ಕೂರುತ್ತಿದ್ದರು. ಸಣ್ಣ ವಯಸ್ಸಿನ ಹೆಂಗಸು, ಅವಸರವಿಲ್ಲದೆ ಮಾತಾಡುವವರು. ಮೂವರನ್ನೂ ಎದುರಿಗೆ ಕೂರಿಸಿಕೊಂಡು ವಿವರಿಸಿದರು. ಮೈಯ ಪ್ರತಿ ಕಣದೊಳಗೂ ತನ್ನನ್ನು ತಾನೇ ಮುಗಿಸಿಕೊಳ್ಳುವ ಏರ್ಪಾಡು ಇರುತ್ತದೆ. ಹಳತಾದದ್ದು, ಕೆಟ್ಟದ್ದು, ತನ್ನ ಹೊತ್ತು ಬಂದಾಗ ಸದ್ದಿಲ್ಲದೆ ಹೊರಟುಹೋಗುತ್ತದೆ. ಹೊತ್ತಿಗೆ ಮುಂಚೆ ಹೋಗದಂತೆ ತಡೆಯಲು ಕೆಲವು ಪ್ರೋಟೀನುಗಳಿವೆ, ಕಣವನ್ನು ಉಳಿಸುವಂಥವು. ಬಿಸಿಎಲ್-ಎರಡು ಎಂಬುದು ಅದರಲ್ಲಿ ಮುಖ್ಯವಾದದ್ದು. ಇವರ ಬಿಳಿಕಣಗಳಲ್ಲಿ ಅದು ಮಿತಿಮೀರಿದೆ. ಹಾಗಾಗಿ ಹೋಗಬೇಕಾದ ಕಣಗಳು ಹೋಗದೆ ರಕ್ತದಲ್ಲಿ, ಗಂಟುಗಳಲ್ಲಿ, ಮೂಳೆಯೊಳಗೆ ತುಂಬಿಕೊಂಡಿವೆ, ಒಳ್ಳೆಯ ಕಣಗಳಿಗೆ ಜಾಗವೇ ಇಲ್ಲ.

ತಮ್ಮ, ಗೊತ್ತಾಯಿತು ಎಂದ. ತಾನು ಕೆಲಸ ಮಾಡುವ ಬಂದರಿನ ಹಳೆಯ ಮ್ಯಾನೇಜರು ನಿವೃತ್ತಿಯಾಗಿ ಎರಡು ವರ್ಷವಾದರೂ ಸಲಹೆಗಾರ ಎಂದು ಹೇಳಿಕೊಂಡು ಕುರ್ಚಿ ಬಿಡಲಿಲ್ಲವಂತೆ, ಇದೂ ಹಾಗೇ ಎಂದ. ಡಾಕ್ಟರಿಗೂ ನಗು ಬಂತು. ಆಗ ಅವನ ಹೆಂಡತಿ ತಡೆತಡೆದು ಕೇಳಿದಳು.

"ಉಳಿಸೋ ಪ್ರೋಟೀನು ಜಾಸ್ತಿ ಇದೆ ಅಂದ್ರಲ್ಲ ಡಾಕ್ಟ್ರೇ, ಅದು ಇವರಿಗೆ ಒಳ್ಳೇದೇ ತಾನೇ?"

ಯಾರೂ ನಗಲಿಲ್ಲ. ಅದು ಉಳಿಸುವುದು ಕಣವನ್ನಮ್ಮ, ಮನುಷ್ಯನನ್ನಲ್ಲ ಎಂದು ಡಾಕ್ಟರು ಸಮಾಧಾನದಿಂದ ತಿದ್ದಿದರು. ಅವಳು ಸೆರಗಿನ ಅಂಚನ್ನು ಮಡಿಸಿ ಬಿಚ್ಚಿ ಮಡಿಸುತ್ತಾ ಕೂತಳು. ಕೀಮೋ ಔಷಧವೂ ಕಣವನ್ನು ನೇರವಾಗಿ ಕೊಲ್ಲುವುದಿಲ್ಲ ಎಂದು ಡಾಕ್ಟರು ಮುಂದುವರಿಸಿದರು. ಅದು ಬಲವಾದ ಏಟು ಕೊಡುತ್ತದೆ. ಏಟು ತಿಂದ ಕಣ, ಇನ್ನು ನನ್ನಿಂದಾಗದು ಎಂದು ತಾನೇ ಸಾಯಬೇಕು. ಈ ಪ್ರೋಟೀನು ಅಡ್ಡ ನಿಂತಿದ್ದರೆ ಕೆಲವು ಕಣಗಳು ಏಟನ್ನೂ ಅರಗಿಸಿಕೊಂಡು ಕೂತುಬಿಡುತ್ತವೆ. ನೋಡೋಣ ಎಂದರು.

ತಿಂಗಳಿಗೊಮ್ಮೆಯಂತೆ ಆರು ಸಲ ಕೀಮೋ ಕೊಟ್ಟರು. ವಾಂತಿ, ಬಾಯಿಹುಣ್ಣು, ಮೀಸೆ ಉದುರಿ ಬೋಳಾದ ತುಟಿ. ಮೀಸೆಯಿಲ್ಲದ ಅವನ ಮುಖ ನೋಡಿ ಸ್ಲೈಡಕ್ಕ ಕಾರಿಡಾರಿಗೆ ಬಂದು ಅತ್ತಳು, ಹನ್ನೆರಡು ವರ್ಷದ ಆ ಮುಖವೇ ಅಲ್ಲಿತ್ತು. ಪ್ರತಿ ಸಲವೂ ರಕ್ತ ಅವಳೇ ತೆಗೆದಳು, ಸ್ಲೈಡು ಅವಳೇ ಎಳೆದಳು. ಕಲೆಗಳು ಕಡಿಮೆಯಾಗುತ್ತಾ ಬಂದವು. ಕತ್ತಿನ ಗಂಟು ಕರಗಿತು. ಅವನು ಕೆಲಸಕ್ಕೆ ಹೋದ, ಕ್ರೇನಿನ ಮೇಲಕ್ಕಲ್ಲ, ಕೆಳಗೆ ಕೂತು ಕಾಗದ ನೋಡುವ ಕೆಲಸಕ್ಕೆ. ನೆಲದ ಮೇಲೆ ಕೂತರೆ ಲೋಕ ತುಂಬ ದಪ್ಪಗೆ ಕಾಣುತ್ತದೆ ಎಂದು ಗೊಣಗುತ್ತಿದ್ದ.

ಎರಡು ವರ್ಷಕ್ಕೆ ಕಾಯಿಲೆ ತಿರುಗಿ ಬಂತು. ಮತ್ತೆ ಕೀಮೋ ಹಾಕಿದರು, ಈ ಸಲ ಮೈಗೆ ಆದ ಸಂಕಟವೆಲ್ಲ ಆಯಿತು, ಕಣಗಳಿಗೆ ಏನೂ ಆಗಲಿಲ್ಲ. ಪರೀಕ್ಷೆ ಮಾಡಿಸಿದಾಗ, ಏಟು ಬಿದ್ದಾಗ ಸಾಯಿ ಎಂದು ಕಣಕ್ಕೆ ಅಪ್ಪಣೆ ಕೊಡುವ ಭಾಗವೇ ಅವುಗಳಲ್ಲಿ ಕಳಚಿಹೋಗಿದೆ ಎಂದು ತಿಳಿಯಿತು. ಅಪ್ಪಣೆ ಕೊಡುವವರಿಲ್ಲ, ಉಳಿಸುವವರು ಬೇಕಾದಷ್ಟಿದ್ದಾರೆ. ಸ್ಲೈಡಕ್ಕ ಮೈಕ್ರೋಸ್ಕೋಪಿನಲ್ಲಿ ಆ ಕಲೆಗಳನ್ನು ನೋಡುತ್ತಾ ಕೂರುತ್ತಿದ್ದಳು. ಗಾಜು ಸೋಕಿದರೆ ಸಾಕು, ಪುಡಿಯಾಗುವ ಕಣಗಳು. ಅವನ ಮೈಯೊಳಗೆ ಇದ್ದಾಗ ಮಾತ್ರ ಎಂಥ ವಿಷಕ್ಕೂ ಜಗ್ಗುವುದಿಲ್ಲ. ಇವಕ್ಕೆ ನನ್ನ ಕೈಯಲ್ಲಿ ಮಾತ್ರ ಸಾಯಲು ಬರುತ್ತದೆಯೇ ಎಂದು ಅವಳಿಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಬೇಕೆಂದೇ ಒತ್ತಿ ಎಳೆದು ಒಂದೂ ಉಳಿಯದಂತೆ ಒಡೆದುಹಾಕಿದಳು. ಆ ಸ್ಲೈಡಿನಿಂದ ಯಾರಿಗೇನು ಉಪಯೋಗ, ತೊಳೆದಿಟ್ಟು ಇನ್ನೊಂದು ಎಳೆದಳು.

ಆ ದಿನಗಳಲ್ಲೇ ಅವಳು ಕನ್ನಡಕದ ಡಾಕ್ಟರನ್ನು ಯಾರದೋ ವಿಷಯವೆಂಬಂತೆ ಕೇಳಿದ್ದು, ಈ ಕಾಯಿಲೆ ಒಂದು ವರ್ಷ ಮೊದಲೇ ಗೊತ್ತಾದರೆ ಏನಾದರೂ ವ್ಯತ್ಯಾಸ ಆಗುತ್ತದೆಯೇ ಎಂದು. ಅವರು, ಇದರಲ್ಲಿ ಮೊದಮೊದಲು ಔಷಧ ಕೊಡುವುದೇ ಇಲ್ಲ, ನೋಡುತ್ತಾ ಕಾಯುತ್ತೇವೆ, ಬಹುಶಃ ಏನೂ ಬದಲಾಗುತ್ತಿರಲಿಲ್ಲ ಎಂದರು. ಅವಳಿಗೆ ಉಳಿದದ್ದು ಆ ಬಹುಶಃ. ಅಷ್ಟು ಬೇಗ ಏರುವವರನ್ನು ಹತ್ತಿರದಿಂದ ನೋಡುತ್ತಿದ್ದರೋ, ನೆಲಕಚ್ಚುವ ಮೊದಲೇ ಶುರುಮಾಡುತ್ತಿದ್ದರೋ, ಯಾರಿಗೆ ಗೊತ್ತು? ಅದನ್ನು ಕೇಳಬೇಕಾದರೆ ಉಳಿದದ್ದನ್ನೂ ಹೇಳಬೇಕಿತ್ತು.

ಆಮೇಲೆ ಹೊಸ ಮಾತ್ರೆ ಬಂತು. ಏಟು ಕೊಡುವುದಲ್ಲ, ಆ ಉಳಿಸುವ ಪ್ರೋಟೀನನ್ನೇ ಹೋಗಿ ಕಟ್ಟಿಹಾಕುವ ಮಾತ್ರೆ. ಮೊದಲ ವಾರ ಚೂರು, ಪ್ರತಿ ವಾರ ಇನ್ನಷ್ಟು. ಒಮ್ಮೆಗೇ ಕೊಟ್ಟರೆ ವರ್ಷಗಟ್ಟಲೆ ಸಾಯದೆ ಕೂತವೆಲ್ಲ ಒಟ್ಟಿಗೆ ಸತ್ತು, ಆ ಕಸ ಮೂತ್ರಪಿಂಡವನ್ನೇ ಕಟ್ಟಿಬಿಡಬಹುದು ಎಂದು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಕೊಟ್ಟರು. ಎರಡನೆಯ ತಿಂಗಳು ಸ್ಲೈಡಿನಲ್ಲಿ ಒಂದೂ ಕಲೆಯಿರಲಿಲ್ಲ. ಸ್ಲೈಡಕ್ಕ ನಂಬದೆ ನಾಲ್ಕು ಎಳೆದಳು. ನಾಲ್ಕೂ ಶುದ್ಧ. ಅವತ್ತು ಲ್ಯಾಬಿನಲ್ಲಿ ಎಲ್ಲರ ಸ್ಲೈಡನ್ನೂ ಅವಳು ಹೊಗಳಿದಳು, ಇವಳಿಗೇನಾಯಿತು ಎಂದು ಜನ ಹೆದರಿದರು. ತಮ್ಮನ ಮೀಸೆ ಬೆಳೆಯಿತು, ಅರ್ಧ ಬೆಳ್ಳಗೆ. ಇನ್ನು ಹೇಳಬೇಕಾದ್ದು ಏನೂ ಇಲ್ಲ, ಎಲ್ಲ ಸರಿಹೋಯಿತಲ್ಲ ಎಂದು ಅವಳು ತನ್ನ ಮನಸ್ಸಿನ ಬಾಗಿಲಿಗೆ ಚಿಲಕ ಹಾಕಿಕೊಂಡಳು.

ಹದಿನೈದು ತಿಂಗಳು ಹಾಗಿತ್ತು. ಒಂದು ಸೋಮವಾರ ಗಾಜಿನ ಮೇಲೆ ಮೂರು ಕಲೆ ಕಂಡವು. ಮುಂದಿನ ತಿಂಗಳು ಮೂವತ್ತು. ಒಂದು ಪ್ರೋಟೀನನ್ನು ಕಟ್ಟಿಹಾಕಿದರೆ ಕಣಗಳು ಅದೇ ಕೆಲಸ ಮಾಡುವ ಇನ್ನೊಂದನ್ನು ಹೆಚ್ಚಿಸಿಕೊಂಡಿವೆ ಎಂದು ಮೂರನೆಯ ಮಹಡಿಯ ಡಾಕ್ಟರು ಹೇಳಿದರು. ಐದು ತಿಂಗಳಲ್ಲಿ ತಮ್ಮ ಹಾಸಿಗೆ ಹಿಡಿದ. ಶ್ವಾಸಕೋಶಕ್ಕೆ ಸೋಂಕು ತಗುಲಿತು, ಒಂದು ವಾಸಿಯಾಗುವಷ್ಟರಲ್ಲಿ ಇನ್ನೊಂದು.

ಒಂದು ಮಧ್ಯಾಹ್ನ ವಾರ್ಡಿನಲ್ಲಿ ಅವರಿಬ್ಬರೇ ಇದ್ದರು. ಅವನ ಹೆಂಡತಿ ಔಷಧ ತರಲು ಕೆಳಗೆ ಹೋಗಿದ್ದಳು. ಸ್ಲೈಡಕ್ಕ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು, ಯಾವ ಪೀಠಿಕೆಯೂ ಇಲ್ಲದೆ, ಆ ಮೊದಲ ವರ್ಷದ ವಿಷಯ ಹೇಳಿಬಿಟ್ಟಳು. ಕಲೆ ಕಂಡದ್ದು, ಡಬ್ಬಕ್ಕೆ ಹಾಕಿದ್ದು, ಶೀತ ಎಂದು ಬರೆದದ್ದು. ಕೈಯ ತಪ್ಪು ಎಂದುಕೊಂಡೆ ಎಂದೂ ಹೇಳಿದಳು. ಅವನು ಅವಳನ್ನೇ ನೋಡಿದ.

"ನಿಜವಾಗ್ಲೂ ಕೈ ಅಂದ್ಕೊಂಡ್ಯಾ?"

"ಇಲ್ಲ ಕಣೋ. ಎರಡನೇ ಸ್ಲೈಡಲ್ಲೇ ಗೊತ್ತಾಯ್ತು."

"ಮತ್ತೆ ನಾಲ್ಕು ಯಾಕೆ ಮಾಡಿದೆ?"

"ಬೇರೆ ಥರ ಬರಲಿ ಅಂತ."

ಅವನು ಗೋಡೆಯ ಕಡೆ ಹೊರಳಿದ. ಹೆಂಡತಿ ಬಂದಳು, ಔಷಧ ಇಟ್ಟಳು, ನರ್ಸು ಬಂದು ಹೋದಳು, ಅವನು ಈ ಕಡೆ ತಿರುಗಲಿಲ್ಲ. ಮರುದಿನವೂ ಸ್ಲೈಡಕ್ಕನ ಜೊತೆ ಮಾತಾಡಲಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಕೈಯಾರೆ ಉಣ್ಣಿಸಿ ಬೆಳೆಸಿದವನು ತನ್ನ ಮುಖ ನೋಡದಿದ್ದರೆ ಏನಾಗುತ್ತದೆ ಎಂದು ಅವಳಿಗೆ ಆ ಎರಡು ದಿನದಲ್ಲಿ ತಿಳಿಯಿತು. ಮೂರನೆಯ ದಿನ ಅವನೇ ಕರೆದ. ಹೆಂಡತಿ ಬಟ್ಟೆ ಒಗೆಯಲು ಹೋಗಿದ್ದಾಳೆಯೇ ಎಂದು ಖಾತ್ರಿ ಮಾಡಿಕೊಂಡ.

"ಅವಳಿಗೆ ಹೇಳ್ಬೇಡ. ನಾನು ಹೋದ ಮೇಲೆ ಅವಳಿಗೆ ನೀನು, ನಿನಗೆ ಅವಳು. ಇನ್ಯಾರಿದ್ದಾರೆ ಹೇಳು."

ಅವಳು ಆಯಿತು ಎಂದಳು. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಒಂಬತ್ತು ದಿನ ಇದ್ದ. ಆ ಒಂಬತ್ತೂ ದಿನ ಅವಳ ಕೈಯಿಂದಲೇ ನೀರು ಕುಡಿದ. ಅದನ್ನು ಹೇಗೆ ಬೇಕಾದರೂ ತಿಳಿದುಕೊಳ್ಳಬಹುದು, ಅವಳು ಮಾತ್ರ ತನಗೆ ಒಳ್ಳೆಯದಾಗುವ ಹಾಗೆ ತಿಳಿದುಕೊಳ್ಳಲು ಹೋಗಲಿಲ್ಲ.

ಅವನು ಹೋದ ಮೇಲೆ ಸ್ಲೈಡಕ್ಕ ದಿನಾ ಸಂಜೆ ಕೆಲಸ ಮುಗಿಸಿ ನೇರ ತಮ್ಮನ ಮನೆಗೆ ಹೋಗುತ್ತಿದ್ದಳು. ಇಬ್ಬರೂ ಸೇರಿ ಏನಾದರೂ ಬೇಯಿಸಿಕೊಂಡು, ಅರ್ಧ ತಿಂದು ಅರ್ಧ ಬಿಟ್ಟು, ಎದುರುಬದುರು ಕೂರುತ್ತಿದ್ದರು. ತಮ್ಮನ ಹೆಂಡತಿ ಮೊದಲ ತಿಂಗಳು ಅತ್ತಳು. ಎರಡನೆಯ ತಿಂಗಳು ಅಳು ನಿಂತು ಒಂದು ಮಾತು ಶುರುವಾಯಿತು. ಗಂಟು ಕಂಡ ದಿನವೇ ಎಳೆದುಕೊಂಡು ಹೋಗಬೇಕಿತ್ತು. ಒಂದು ಸಲ ಹೇಳಿದೆ, ಎರಡು ಸಲ ಹೇಳಿದೆ, ಜಗಳ ಬೇಡ ಅಂತ ಬಿಟ್ಟುಬಿಟ್ಟೆ. ಬಂದವರ ಮುಂದೆಲ್ಲ ಇದೇ ಮಾತು. 'ನಿಮ್ಮ ಅಕ್ಕ ನೋಡಿರಬಹುದು, ಆದ್ರೂ ಇನ್ನೊಂದ್ಸಲ ತೋರಿಸೋಣ' ಎಂದು ತಾನು ಅಂದು ಗಂಡನಿಗೆ ಆಡಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಆಮೇಲೆ ತಾನೇ ತನಗೆ ಬೈದುಕೊಳ್ಳುತ್ತಿದ್ದಳು, ಅಕ್ಕ ನೋಡಿದಾಗ ಏನೂ ಇರಲಿಲ್ಲ ಎಂದರೆ ಕಾಯಿಲೆ ಬಂದದ್ದೇ ಆಮೇಲೆ, ಆ ಗಂಟಿನ ಜೊತೆ, ತನ್ನ ಕಣ್ಣೆದುರಿಗೆ ಎಂದು. ಹೊಲಿಗೆ ನಿಲ್ಲಿಸಿದಳು. ತಲೆ ಬಾಚುವುದನ್ನು ಬಿಟ್ಟಳು. ನಾಲ್ಕನೆಯ ತಿಂಗಳು ಅವಳ ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು.

ಸ್ಲೈಡಕ್ಕ ಬಾಯಿಗೆ ಬೀಗ ಹಾಕಿಕೊಂಡು ಅಷ್ಟೂ ದಿನ ಕೇಳಿದಳು. ತಮ್ಮನಿಗೆ ಕೊಟ್ಟ ಮಾತು ಒಂದು ಕಡೆ. ಈ ಮನೆ ಬಿಟ್ಟರೆ ತನಗೆ ಹೋಗಲು ಇನ್ನೊಂದು ಮನೆಯಿಲ್ಲ ಎಂಬುದು ಇನ್ನೊಂದು ಕಡೆ. ಎರಡನ್ನೂ ಒಂದೇ ಎಂದು ಬಗೆದು, ಮರಿ ಹೇಳಿದ್ದಾನೆ ಎಂಬ ನೆಪದಲ್ಲಿ ತಾನು ಮತ್ತೊಮ್ಮೆ ಸ್ಲೈಡುಗಳನ್ನು ಡಬ್ಬಕ್ಕೆ ಹಾಕುತ್ತಿದ್ದೇನೆ ಎಂದು ಅವಳಿಗೆ ಅನ್ನಿಸತೊಡಗಿತು.

ಒಂದು ಸಂಜೆ ತಟ್ಟೆ ತೊಳೆದು ಬಂದು ಕೂತ ತಮ್ಮನ ಹೆಂಡತಿ, ಯಾವ ಅಳುವೂ ಇಲ್ಲದೆ, ಬಾಗಿಲು ಹಾಕಿದೆ ಎನ್ನುವಷ್ಟು ಸಾದಾ ದನಿಯಲ್ಲಿ, "ನಾನೇ ಅಲ್ವಾ ಅಕ್ಕ ಅವರನ್ನ ಕೊಂದಿದ್ದು" ಎಂದಳು.

"ಅಲ್ಲ" ಎಂದಳು ಸ್ಲೈಡಕ್ಕ. "ಗಂಟು ಬರೋಕೆ ಮೊದಲೇ ಕಾಯಿಲೆ ಇತ್ತು. ನಾನು ನೋಡಿದ್ದೆ. ನೋಡಿ, ಇಲ್ಲ ಅಂತ ಬರೆದೆ."

ಎಲ್ಲವನ್ನೂ ಹೇಳಿದಳು. ನಾಲ್ಕು ಸ್ಲೈಡು, ಡಬ್ಬ, ಶೀತ, ಭಾನುವಾರದ ಊಟಗಳು, ವಾರ್ಡಿನಲ್ಲಿ ಅವನಿಗೆ ಹೇಳಿದ್ದು, ಅವನು ಅವಳಿಗೆ ಹೇಳಬೇಡ ಎಂದದ್ದು. ಮೊದಲೇ ತಿಳಿದಿದ್ದರೂ ಬಹುಶಃ ಏನೂ ಬದಲಾಗುತ್ತಿರಲಿಲ್ಲವಂತೆ ಎಂಬ ಡಾಕ್ಟರ ಮಾತು ನಾಲಗೆಯ ತುದಿಯವರೆಗೆ ಬಂತು. ಅದು ತನಗೆ ಬೇಕಾದ ಮಾತು, ಇವಳಿಗಲ್ಲ ಎಂದು ನುಂಗಿಕೊಂಡಳು.

ತಮ್ಮನ ಹೆಂಡತಿಯ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ನಾಲ್ಕು ತಿಂಗಳಿಂದ ಬಿಗಿದು ಹಿಡಿದ ಏನೋ ಒಂದು ಅವಳ ಕತ್ತಿನಿಂದ, ಭುಜದಿಂದ ಇಳಿಯುತ್ತಾ ಹೋದದ್ದು ಕಾಣುತ್ತಿತ್ತು.

"ಹಾಗಾದ್ರೆ ನಾನು ಹೇಳಿದ್ದು ಸರಿ ಇತ್ತು ಅಕ್ಕ" ಎಂದಳು.

"ಸರಿ ಇತ್ತು ಕಣಮ್ಮ. ನೀನೊಬ್ಬಳೇ ಸರಿ ಹೇಳಿದ್ದು."

ಆಗ ಅವಳು ಅತ್ತಳು. ಸ್ಲೈಡಕ್ಕ ಕೈ ಚಾಚಿದಳು, ಮುಟ್ಟಲು ಧೈರ್ಯವಾಗದೆ ಹಿಂದಕ್ಕೆ ತೆಗೆದುಕೊಂಡಳು. ಅಳು ತೀರಿದ ಮೇಲೆ ತಮ್ಮನ ಹೆಂಡತಿ ಎದ್ದು ಮುಖ ತೊಳೆದುಕೊಂಡು ಬಂದಳು. ತಿಂಗಳುಗಟ್ಟಲೆ ಬಾಚದ ಕೂದಲನ್ನು ಎರಡೂ ಕೈಯಲ್ಲಿ ಹಿಂದಕ್ಕೆ ತಳ್ಳಿ ಗಂಟು ಹಾಕಿದಳು. ಬಾಗಿಲ ಹತ್ತಿರ ಹೋಗಿ ಚಿಲಕ ತೆಗೆದು ನಿಂತಳು.

"ಹೊರಡಿ" ಎಂದಳು.

ಆ ಮನೆಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ಅವಳು ಅಕ್ಕ ಎನ್ನದೆ ಸ್ಲೈಡಕ್ಕನಿಗೆ ಆಡಿದ ಮಾತು ಅದೊಂದೇ. ಸ್ಲೈಡಕ್ಕ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದಳು.